ಬಂದವರ ರೊಟ್ಟಿ

ಬೀದರಿನ ನಮ್ಮ ಓಣಿಯ ಹಿಟ್ಟಿನ ಗಿರಣಿಯನ್ನು ನಡೆಸುವವರು ಯಾರು ಗೊತ್ತೇ? ಗಿರಣಿಯವನಲ್ಲ. ಐರ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ಅತ್ತೆ! ನಂಬದಿದ್ದರೆ ಗಿರಣಿಯವನನ್ನೇ ಕೇಳಿ, ಅಳುತ್ತಲೇ ಒಪ್ಪಿಕೊಳ್ಳುತ್ತಾನೆ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಟೈಮ್ ಸಿಗಲಿಲ್ರಿ" ಎಂದು ಹೇಳಿ ಮಾತು ಮುಗಿಸುತ್ತಾಳೆ. ಅಲ್ಲಿ ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಾಳೆ. ಆ ದೇಶದಲ್ಲಿ ತಿನ್ನಲು ಏನು ಕಡಿಮೆ? ಆದರೆ ಈಕೆಗೆ ಠಾಣಾ ಕುಶನೂರಿನ ನಮ್ಮ ಹೊಲದ ಬಿಳಿಜೋಳವೇ ಆಗಬೇಕು. ಅದನ್ನು ಬೀಸಿಸಿ ನಾವು ಪಾರ್ಸೆಲ್ ಕಳಿಸಬೇಕು. ಬೀಸುವಾಗ ನಾನು ವಿಡಿಯೊ ಕಾಲ್ ಹಚ್ಚಿ, ಹಿಟ್ಟು ಬೀಳುವ ಕಡೆಗೆ ಫೋನ್ ಹಿಡಿದು ನಿಲ್ಲಬೇಕು.

"ಅಣ್ಣಾ, ಇದರಕಿಂತ ಮೊದಲ ಏನ ಬೀಸೀರಿ? ಗೋಧಿ ಬೀಸಿಲ್ಲಲ್ರಿ?"

"ಇಲ್ರಿ ಅಕ್ಕಾರ, ಜ್ವಾಳನೇ ಬೀಸೀನಿ."

"ಸುಳ್ಳ ಹೇಳಬ್ಯಾಡ್ರಿ. ಬಣ್ಣ ಬ್ಯಾರೆ ಕಾಣಕತ್ತದ."

ಒಮ್ಮೆ ಗಿರಣಿಯವನು ರೇಗಿ ಚೀಲವನ್ನು ಜೋರಾಗಿ ಕೊಡವಿದ. ನನ್ನ ಫೋನಿನ ತುಂಬ ಹಿಟ್ಟು. ಐರ್ಲೆಂಡಿನಲ್ಲಿ ಕೂತಿದ್ದ ಅತ್ತೆ ಲಗುಬಗೆಯಿಂದ ತನ್ನ ಮುಖ ಒರೆಸಿಕೊಂಡಳು!

ರಜೆ ಮುಗಿಸಿ ಹೊರಡುವ ದಿನದ ಕಥೆಯೇ ಬೇರೆ. ಹೈದರಾಬಾದಿಗೆ ಹೋಗಿ ವಿಮಾನ ಹತ್ತುವ ಮುನ್ನ ಅವಳ ಪೆಟ್ಟಿಗೆಯನ್ನು ಕಿರಾಣಿ ಅಂಗಡಿಯ ಕಾಂಟಾದ ಮೇಲಿಟ್ಟು ತೂಗುತ್ತೇವೆ. ಹೋದ ಸಲ ತೂಕ ಹೆಚ್ಚಾಯಿತು. ನಮ್ಮವ್ವ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆಯಲು ಹೋದಳು. ಅತ್ತೆ ಅವಳ ಕೈ ಹಿಡಿದು, ನಾವು ಉಡುಗೊರೆ ಕೊಟ್ಟಿದ್ದ ಇಳಕಲ್ ಸೀರೆಯನ್ನೇ ಹೊರಗೆ ತೆಗೆದಿಟ್ಟಳು.

"ಹಿಂಡಿ ಇರ್ಲಿ ವೈನಿ. ಸೀರಿ ಉಟ್ರ ಅಲ್ಲಿ ನೋಡೋರು ಯಾರ ಅದಾರ?"

ನಾವೆಲ್ಲ ನಕ್ಕೆವು. ಅಂಗಡಿಯವನೂ ನಕ್ಕ.

ಇದಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿದೆ. ಕುಶನೂರಿನಲ್ಲಿ ನಮ್ಮ ಹಳೆಯ ಮನೆ ಬಸ್ ಸ್ಟ್ಯಾಂಡಿಗೆ ಹತ್ತಿಕೊಂಡೇ ಇತ್ತು. ಔರಾದ ಬಸ್ಸು ತಪ್ಪಿದವರು, ಭಾಲ್ಕಿಗೆ ಹೋಗಬೇಕಾದವರು ನೀರು ಕೇಳಲು ಬಂದು ಊಟ ಮಾಡಿಕೊಂಡೇ ಹೋಗುತ್ತಿದ್ದರು. ಹಾಗಾಗಿ ಅಜ್ಜಿ ಮನೆಮಂದಿಯ ಲೆಕ್ಕ ಮುಗಿದ ಮೇಲೆ ಒಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. ಅದು ಬಂದವರ ರೊಟ್ಟಿ. ನಾವು ಎಷ್ಟೇ ಹಸಿದಿದ್ದರೂ ಅದನ್ನು ಮುಟ್ಟುವಂತಿರಲಿಲ್ಲ. ಅತ್ತೆ ಆ ಪದ್ಧತಿಯನ್ನು ಐರ್ಲೆಂಡಿಗೂ ಹೊತ್ತುಕೊಂಡು ಹೋಗಿದ್ದಾಳೆ. ತನಗೆ ಎರಡು, ಬಂದವರಿಗೆ ಒಂದು!

"ಅತ್ತಿ, ಅಲ್ಲಿ ಔರಾದ ಬಸ್ಸ ಯಾರಿಗಿ ತಪ್ಪತದ?" ಎಂದು ಕಾಡಿದೆ.

"ನಗು, ನಗು. ಯಾರರೆ ಬಂದ್ರ ಏನ ನೀಡ್ಲಿ?"

"ಇಷ್ಟ ದಿನದಾಗ ಯಾರರೆ ಬಂದಾರೇನು?"

"ಇನ್ನಾ ಬಂದಿಲ್ಲ."

ಹನ್ನೊಂದು ವರ್ಷಗಳಿಂದ ಇದೇ "ಇನ್ನಾ ಬಂದಿಲ್ಲ"! ಮರುದಿನ ಬೆಳಿಗ್ಗೆ ಆ ತಂಗಳು ರೊಟ್ಟಿಯನ್ನು ಮೊಸರಿನಲ್ಲಿ ಮುರಿದುಕೊಂಡು, ತಾನೇ ತಿಂದು ಡ್ಯೂಟಿಗೆ ಹೋಗುತ್ತಾಳೆ.

ಕೊನೆಗೊಮ್ಮೆ ಬಂದೇ ಬಂದರು. ಯಾರು? ಪೊಲೀಸರು!

ಅವತ್ತು ಮಧ್ಯಾಹ್ನ ಅತ್ತೆ ಸ್ಟೀಲಿನ ಪರಾತ ಎಂಬ ಅಗಲ ತಟ್ಟೆಯನ್ನು ನೆಲಕ್ಕಿಟ್ಟು ಧಪಧಪ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿನ ನೆಲವೋ ಹಲಗೆಯದು. ಕೆಳಗಿನ ಮನೆಗೆ ಹೊಸದಾಗಿ ಬಂದ ಮುದುಕನಿಗೆ, ಮೇಲೆ ಯಾರೋ ಯಾರನ್ನೋ ಬಡಿಯುತ್ತಿದ್ದಾರೆ ಅನ್ನಿಸಿತು; ಪೊಲೀಸರಿಗೆ ಫೋನ್ ಮಾಡಿಬಿಟ್ಟ. ಪೊಲೀಸ್ ಹುಡುಗಿಯೊಬ್ಬಳು ಬಂದು, ಯಾರನ್ನು ಹೊಡೆಯುತ್ತಿದ್ದೀರಿ ಎಂದು ಕೇಳಿದಳು. ಅತ್ತೆ ಹಿಟ್ಟಿನ ಕೈ ತೋರಿಸಿದಳು. ಅವಳು ನಂಬದೆ ಎರಡೂ ಕೋಣೆ, ಬಾತ್‌ರೂಮು, ಕಡೆಗೆ ಬಟ್ಟೆಯ ಕಪಾಟನ್ನೂ ಹುಡುಕಿದಳು. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಎರಡೆರಡು ಸಲ ಕೇಳಿದಳಂತೆ.

"ಯಾರೂ ಇಲ್ಲಂದೆ. ಹೊಡಿಲಿಕ್ಕರೆ ಒಬ್ರು ಬೇಕಲ್ಲಪ ಮನ್ಯಾಗ!" ಎಂದು ಅತ್ತೆ ಹೇಳುವಾಗ ಇಲ್ಲಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬಂದವರ ರೊಟ್ಟಿ ಕೊನೆಗೂ ಬಂದವರ ಹೊಟ್ಟೆ ಸೇರಿತು. ಅತ್ತೆ ಹಿಂಡಿ ಹಚ್ಚಿ ಕೊಟ್ಟಳು. ಆ ಹುಡುಗಿ ಖಾರಕ್ಕೆ ಮೂಗು ಕೆಂಪಗೆ ಮಾಡಿಕೊಂಡು, ಮೂರು ಗ್ಲಾಸು ನೀರು ಕುಡಿದು, ಪೂರ್ತಿ ತಿಂದಳು. ಹೋಗುವಾಗ ಮಾತ್ರ, ಇನ್ನು ಮೇಲೆ ಪರಾತದ ಕೆಳಗೆ ಏನಾದರೂ ದಪ್ಪನೆಯದನ್ನು ಹಾಸಿಕೊಳ್ಳಿ ಎಂದು ಹೇಳಿದಳು. ಅತ್ತೆ ತಾನು ಹೊದೆಯುವ ರಜಾಯಿಯನ್ನೇ ಮಡಚಿ ಹಾಸಿದಳು.

ಮೊನ್ನೆ ರವಿವಾರ ಫೋನ್ ಮಾಡಿದ್ದಳು. ನಮಗೆ ಸಂಜೆ, ಅವಳಿಗೆ ಮಧ್ಯಾಹ್ನ. ಮಾತಿನ ನಡುವೆ ಧಪಧಪ ಸದ್ದು. ಅದೆಂಥ ಸದ್ದು ಅಂತೀರಿ, ನನ್ನ ಕಿವಿಯೇ ಗುಂಯ್ ಎಂದಿತು!

"ಅತ್ತಿ, ಕೆಳಗ ರಜಾಯಿ ಹಾಕಿಲ್ಲೇನು? ಮತ್ತ ಪೊಲೀಸರು ಬರ್ತಾರ ನೋಡು."

ಸದ್ದು ನಿಂತಿತು.

"ತೆಗದೀನಪ."

"ಯಾಕ?"

"ಆ ಹುಡುಗಿ ಛಂದ ಉಂಡಿತ್ತು. ಮತ್ತ ಬರ್ಲಿ ಅಂತ ಜೋರ ಬಡ್ಯಾಕತ್ತೀನಿ. ಆರ ತಿಂಗಳಾತು, ಯಾರೂ ಬರವಲ್ರು."

ನಗಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಗಿರಣಿ, ಸೀರೆ, ಬಸ್ಸು ಎಂದು ಇಷ್ಟು ವರ್ಷ ಬಂದಬಂದವರಿಗೆಲ್ಲ ಇವಳ ಕಥೆ ಹೇಳಿ ನಗಿಸಿದ್ದೆ. ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಅಡುಗೆಮನೆಯಿಂದ ಖಾಲಿ ತಾಟು ತಂದು, ವಿಡಿಯೊ ಹಚ್ಚಿ, ಫೋನನ್ನು ತಂಬಿಗೆಗೆ ಆನಿಸಿ, ಅವಳ ಎದುರಿಗೆ ಕುಳಿತೆ.

"ಅತ್ತಿ, ನಂದು ಔರಾದ ಬಸ್ಸ ತಪ್ಪೇದ. ನೀಡು."

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡಳು. ಆಮೇಲೆ ಮೂರನೆಯ ರೊಟ್ಟಿಯನ್ನು ಎತ್ತಿ ಫೋನಿನ ಹತ್ತಿರ ತಂದಳು.

"ಮೊದಲ ಕೈ ತೊಳ್ಕೊಂಡ ಬಾ" ಎಂದಳು.