ಮುಂದೆ ಟ್ಯೂಬ್‌ಲೆಸ್, ಹಿಂದೆ ಟ್ಯೂಬು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಆತನಿಗೆ ಎಲ್ಲರೂ ಇಟ್ಟ ಹೆಸರು ‘ನೋಡೋಣ’. ಗಿರಾಕಿಯ ಮುಖಕ್ಕೆ ಯಾವ ಫ್ರೇಮು ಒಪ್ಪುತ್ತದೆಂದು ತಟ್ಟನೆ ಹೇಳಬಲ್ಲವನು, ತನ್ನ ವಿಷಯ ಬಂದರೆ ಮಾತ್ರ ಎಲ್ಲಕ್ಕೂ ನೋಡೋಣ ಎನ್ನುತ್ತಿದ್ದ. ಸೈಕಲ್ಲಿಗೆ ಟ್ಯೂಬ್‌ಲೆಸ್ ಟೈರು ಹಾಕಿಸ್ತೀಯೋ, ಟ್ಯೂಬಿರೋದು ಹಾಕಿಸ್ತೀಯೋ ಎಂದು ಮ್ಯಾನೇಜರ್ ಕೇಳಿದಾಗಲೂ ಹಾಗೇ ಅಂದ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಮ್ಯಾನೇಜರಿಗೆ ಜಲ್ಲಿ ದಾರಿಯ ಸೈಕಲ್ ಸ್ಪರ್ಧೆಗಳ ಹುಚ್ಚು. ಅಂಗಡಿಯ ಪ್ರತಿಯೊಬ್ಬರೂ ಸರದಿಯ ಮೇಲೆ ಒಂದು ಸ್ಪರ್ಧೆಯನ್ನಾದರೂ ಮುಗಿಸಲೇಬೇಕೆಂದು ಅವರ ಕಟ್ಟಳೆ. ಮುಗಿಸಿದವರಿಗೆ ಆಮೇಲೆ ಆ ಕಾಟವಿಲ್ಲ. ದಾರಿಯಲ್ಲಿ ಸೈಕಲ್ ಕೆಟ್ಟು ನಿಂತರೂ ಮಾಫಿ. ಸುಸ್ತಾಯಿತೆಂದು ಬಿಟ್ಟು ಬಂದವರು ಮಾತ್ರ ಮುಂದಿನ ಸಲ ಮತ್ತೆ ಹೋಗಬೇಕು. ಈ ಭಾನುವಾರ ನೋಡೋಣನ ಸರದಿ.

ಟ್ಯೂಬ್‌ಲೆಸ್ ಆದರೆ ಗಾಳಿ ಕಡಿಮೆ ಇಟ್ಟು ಓಡಿಸಬಹುದು, ಕಲ್ಲಿನ ಮೇಲೂ ಮೆತ್ತಗೆ ಹೋಗುತ್ತದೆ, ಮುಳ್ಳು ಚುಚ್ಚಿದರೆ ಒಳಗಿನ ಬಿಳಿ ದ್ರವವೇ ತೂತು ಮುಚ್ಚುತ್ತದೆ ಎಂದು ಮ್ಯಾನೇಜರರ ವಾದ. ಗಣಿತದ ಮೇಷ್ಟರಾಗಿ ನಿವೃತ್ತರಾದ ಮಾವ ಇದನ್ನು ಕೇಳಿ ಕೆಂಡವಾದರು. ಟ್ಯೂಬು ಒಡೆದರೆ ಬಿಚ್ಚಿ ಇನ್ನೊಂದು ಹಾಕಿದರಾಯಿತು, ಗೋಂದು ನಂಬಿಕೊಂಡು ಯಾರಾದರೂ ಗುಡ್ಡ ಹತ್ತುತ್ತಾರೆಯೇ ಎಂದು ಅಳಿಯನನ್ನು ತರಾಟೆಗೆ ತೆಗೆದುಕೊಂಡರು. ಒಬ್ಬರು ಕೆಲಸ ಕೊಟ್ಟವರು, ಇನ್ನೊಬ್ಬರು ಹೆಣ್ಣು ಕೊಟ್ಟವರು. ಯಾರ ಮನಸ್ಸೂ ನೋಯುವುದು ಬೇಡವೆಂದು ನೋಡೋಣ ಮುಂದಿನ ಚಕ್ರಕ್ಕೆ ಟ್ಯೂಬ್‌ಲೆಸ್, ಹಿಂದಿನದಕ್ಕೆ ಟ್ಯೂಬು ಹಾಕಿಸಿದ. ಇಬ್ಬರೂ ಮುನಿಸಿಕೊಂಡರು.

ಭಾನುವಾರ ಬೆಳಿಗ್ಗೆ ಮಾವ ಮುಖ ಊದಿಸಿಕೊಂಡೇ ಬಂದು, ಸೀಟಿನ ಕೆಳಗಿನ ಚೀಲಕ್ಕೆ ಹೆಚ್ಚಿಗೆ ಒಂದು ಟ್ಯೂಬು ತುರುಕಿದರು. ಅದಾದ ಮೇಲೆ ಅವರೂ ಮ್ಯಾನೇಜರೂ ಮುಕ್ತಾಯದ ಜಾಗಕ್ಕೆ ಒಂದೇ ಕಾರಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಹೊರಟರು.

ಅರ್ಧ ದಾರಿ ಮುಗಿಯುವಷ್ಟರಲ್ಲಿ ನೋಡೋಣ ಹಿಂಡಿದ ಬಟ್ಟೆಯಂತಾಗಿದ್ದ. ಜೊತೆಯಲ್ಲಿ ಹೊರಟವರ ಧೂಳು ಕೂಡ ಕಾಣುತ್ತಿರಲಿಲ್ಲ. ಎದುರಿಗೆ, ಮೋಡಕ್ಕೆ ಒರಗಿಸಿಟ್ಟ ಏಣಿಯ ಹಾಗೆ, ಒಂದು ಏರು. ಸೈಕಲ್ ಕೆಟ್ಟರೆ ಮಾಫಿ ಎಂಬ ಮಾತು ನೆನಪಾಗಿ ಅವನು ಮುಳ್ಳು ಕಂಡಲ್ಲೆಲ್ಲ ಸೈಕಲ್ ಬಿಟ್ಟ, ಚೂಪುಗಲ್ಲುಗಳನ್ನು ಹುಡುಕಿ ಹುಡುಕಿ ಹತ್ತಿಸಿದ. ಎರಡು ಟೈರೂ ಜಗ್ಗಲಿಲ್ಲ. ಇಬ್ಬರು ಹಿರಿಯರ ಸಲಹೆಯೂ ಅಷ್ಟು ಗಟ್ಟಿಯಾಗಿತ್ತು.

ಕೊನೆಗೆ ಆಚೀಚೆ ನೋಡಿ, ಹಿಂದಿನ ಚಕ್ರದ ಗಾಳಿಯನ್ನು ತಾನೇ ಬಿಟ್ಟ.

ಕೆಟ್ಟು ನಿಂತವರನ್ನು ಹತ್ತಿಸಿಕೊಳ್ಳಲೆಂದು ಹಿಂದಿನಿಂದ ಬರುತ್ತಿದ್ದ ವ್ಯಾನು ಬಂದು ನಿಂತಿತು. ಓಡಿಸುತ್ತಿದ್ದ ಹೆಂಗಸು ದಡಬಡನೆ ಇಳಿದು, ಪಂಪು ಹಾಕಿ ನಾಲ್ಕೇಟು ಹೊಡೆದಳು. ಚಕ್ರ ಗಟ್ಟಿಯಾಯಿತು. ವಾಲ್ವ್ ಸಡಿಲವಾಗಿತ್ತು ಅಷ್ಟೇ, ಹೊರಡಿ ಎಂದು ಅವನನ್ನು ಪ್ರೀತಿಯಿಂದಲೇ ಸೀಟಿಗೆ ಹತ್ತಿಸಿದಳು.

ಮುಂದಿನ ತಿರುವಿನಲ್ಲಿ ಅವನು ಮುಂದಿನ ಚಕ್ರಕ್ಕೆ ಕೈಹಾಕಿದ. ಗಾಳಿ ಬಿಟ್ಟು, ಟೈರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ರಿಮ್ಮಿನಿಂದ ಬಿಡಿಸಿದ. ಬಿಳಿ ದ್ರವ ಬೂಟಿನ ಮೇಲೆಲ್ಲ ಸುರಿಯಿತು. ವ್ಯಾನು ಮತ್ತೆ ಬಂದು ನಿಂತಿತು. ಈ ಸಲ ಅವಳು ಎಷ್ಟು ಪಂಪು ಹೊಡೆದರೂ ಗಾಳಿ ನಿಲ್ಲಲಿಲ್ಲ. ಇದನ್ನು ಮತ್ತೆ ಕೂರಿಸೋಕೆ ದೊಡ್ಡ ಪಂಪು ಬೇಕು, ಟ್ಯೂಬೇನಾದರೂ ಇದೆಯಾ ಎಂದು ಅವಳು ಕೇಳಿದಳು. ಇಲ್ಲ ಎಂದು ಅವನು ತಲೆ ಅಲ್ಲಾಡಿಸಿದ. ಅವಳು ಫೋನಿನಲ್ಲಿ ಆಯೋಜಕರಿಗೆ ಅವನ ಸ್ಪರ್ಧೆಯ ನಂಬರು ಹೇಳಿ, ಇವರು ವ್ಯಾನು ಹತ್ತಿದರು ಎಂದು ತಿಳಿಸಿದಳು.

ಮೆತ್ತನೆಯ ಸೀಟಿಗೆ ಬೆನ್ನು ತಾಗಿದಾಗ ನೋಡೋಣನಿಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ. ಮಗುವಿನಂತೆ ನಿದ್ದೆಹೋದ.

ಎಚ್ಚರವಾದದ್ದು ಢಬ್ ಎಂಬ ಸದ್ದಿಗೆ. ವ್ಯಾನು ಒಂದು ಕಡೆ ವಾಲಿಕೊಂಡು ನಿಂತಿತ್ತು. ಸ್ಟೆಪ್ನಿಯನ್ನು ಬೆಳಿಗ್ಗೆಯೇ ಹಾಕಿಯಾಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಹಿಂದಿನ ಸೀಟಿನಲ್ಲಿ, ಸ್ಪರ್ಧೆಗೆ ಬಂದು ಮೊಣಕಾಲು ಊದಿಸಿಕೊಂಡ ಮುದುಕರೊಬ್ಬರು ಕೂತಿದ್ದರು. ಯಾರಾದರೂ ಹೋಗಿ ಸುದ್ದಿ ಮುಟ್ಟಿಸದೆ ವಿಧಿಯಿರಲಿಲ್ಲ. ಮುದುಕರ ಕಾಲಿಗೆ ಕಟ್ಟಲು ಬಟ್ಟೆ ಹುಡುಕುತ್ತ ಡ್ರೈವರಮ್ಮ ಅವನ ಸೈಕಲ್ಲಿನ ಚೀಲಕ್ಕೆ ಕೈಹಾಕಿದಳು. ಟ್ಯೂಬು ಹೊರಗೆ ಬಂತು.

ಅವಳು ಟ್ಯೂಬನ್ನು ನೋಡಿದಳು, ಅವನನ್ನು ನೋಡಿದಳು. ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕಿತ್ತು, ಒಳಗೆ ಟ್ಯೂಬು ಕೂರಿಸಿ, ಗಾಳಿ ತುಂಬಿ ಸೈಕಲ್ಲನ್ನು ಅವನ ಕೈಗಿತ್ತಳು.

“ಅಣ್ಣ, ಪಾಪ ಮುದುಕರು ನೋವಲ್ಲಿದ್ದಾರೆ. ಬೇಗ ಹೋಗಿ ಯಾರನ್ನಾದ್ರೂ ಕಳ್ಸಿ.”

ಮುದುಕರ ಮುಖ ನೋಡಿ ನೋಡೋಣ ಸೈಕಲ್ ಹತ್ತಿದ. ವ್ಯಾನು ಕೆಟ್ಟು ನಿಂತಿದ್ದುದು ಅದೇ ಏರಿನ ಬುಡದಲ್ಲೇ. ಬೈದುಕೊಂಡು, ಏದುಸಿರು ಬಿಟ್ಟು, ಅಲ್ಲಲ್ಲಿ ತಳ್ಳಿಕೊಂಡು ಅವನು ಆ ಏರನ್ನು ಹತ್ತಿದ, ಇಳಿದ, ಮುಕ್ತಾಯದ ಗೆರೆಯನ್ನೂ ದಾಟಿಬಿಟ್ಟ. ಸುದ್ದಿ ಮುಟ್ಟಿಸಿ ನೆಲಕ್ಕೆ ಕುಸಿದಾಗ ಸುತ್ತಲಿನವರು ಚಪ್ಪಾಳೆ ತಟ್ಟಿದರು. ಮಾವ ಓಡಿಬಂದು ಅಪ್ಪಿಕೊಂಡರು. ಅಂತೂ ಮುಗಿಯಿತು, ಇನ್ನು ಜನ್ಮದಲ್ಲಿ ಜಲ್ಲಿಯ ಸಹವಾಸವಿಲ್ಲ ಎಂದು ಅವನ ಕಣ್ಣಲ್ಲಿ ನೀರೇ ಬಂತು.

ಸ್ವಲ್ಪ ಹೊತ್ತಿಗೆ ಸಹಾಯಕ್ಕೆ ಹೋದ ಗಾಡಿಯಲ್ಲಿ ಮುದುಕರೂ ಡ್ರೈವರಮ್ಮನೂ ಬಂದಿಳಿದರು. ಅವಳನ್ನು ಕಂಡು ನೋಡೋಣ ಮಾವನ ಬೆನ್ನ ಹಿಂದೆ ಸರಿದ. ಆದರೆ ಅವಳು, ಇವರಿಂದ ನಾವು ಬೇಗ ಬಂದೆವು ಎಂದಷ್ಟೇ ಎಲ್ಲರೆದುರು ಹೇಳಿದಳು. ಅವನು ನಿರಾಳವಾಗಿ ಉಸಿರು ಬಿಟ್ಟ.

ಅಷ್ಟರಲ್ಲಿ ಮ್ಯಾನೇಜರ್ ಆಯೋಜಕರ ಮೇಜಿನಿಂದ ತಲೆ ಕೆರೆದುಕೊಳ್ಳುತ್ತ ಬಂದರು.

“ವ್ಯಾನು ಹತ್ತಿದವರನ್ನ ಮುಗಿಸಿದವರ ಲೆಕ್ಕಕ್ಕೆ ತಗೊಳ್ಳಲ್ವಂತೆ ಕಣಯ್ಯ. ಹೋಗ್ಲಿ, ಸೈಕಲ್ ಕೆಟ್ಟಿತ್ತು ಅಂತ ಮಾಫಿ ಮಾಡೋಣ ಅಂದ್ರೆ...” ಅವರು ಮುಂದಿನ ಚಕ್ರವನ್ನು ಬೆರಳಿನಿಂದ ಒತ್ತಿ ನೋಡಿದರು. “ಸೈಕಲ್ ಚೆನ್ನಾಗೇ ಇದೆಯಲ್ಲ. ಅದರ ಮೇಲೇ ಬಂದಿದ್ದೀಯ. ಮುಂದಿನ ತಿಂಗಳು ಇನ್ನೊಂದು ಸಲ ಹೋಗ್ಬಿಡು.”

ನೋಡೋಣ ಬಾಯಿ ತೆರೆದ. ನಿಜ ಹೇಳಿದರೆ ಇನ್ನೂ ಕಷ್ಟ. ಮುಚ್ಚಿಕೊಂಡ.

ಡ್ರೈವರಮ್ಮ ಅವನ ಕೈಗೆ ನೀರಿನ ಬಾಟಲಿ ಕೊಟ್ಟು, ಮೆಲ್ಲಗೆ ಅಂದಳು: “ಯೋಚ್ನೆ ಮಾಡ್ಬೇಡಿ ಅಣ್ಣ. ಮುಂದಿನ ತಿಂಗಳೂ ವ್ಯಾನು ನಂದೇ. ನಿಮಗೋಸ್ಕರ ದೊಡ್ಡ ಪಂಪೇ ತಂದಿರ್ತೀನಿ.”