ಪಂಕ್ಚರ್ ಆಗದ ಸೈಕಲ್

ಸೈಕಲ್ ತುಳಿಯುವವರೆಲ್ಲ ಸೈಕಲ್ ಸವಾರರಲ್ಲ ಎಂದು ನಮ್ಮ ಮೇಲಿನ ಮನೆಯ ವೆಂಕಟೇಶನ್ ಆಗಾಗ ಹೇಳುತ್ತಾರೆ. ಅವರ ಸೈಕಲ್ಲಿಗೆ ಹದಿನೆಂಟು ಗೇರುಗಳಿವೆ. ಅದು ಬಾಲ್ಕನಿಯಲ್ಲಿ ಎರಡು ಕೊಕ್ಕೆಗಳಿಗೆ ನೇತುಬಿದ್ದು ವಾರಕ್ಕೆ ಆರು ದಿನ ವಿಶ್ರಾಂತಿ ಪಡೆಯುತ್ತದೆ. ಭಾನುವಾರ ಅವರು ತಲೆಗೊಂದು ಟೋಪಿ ಬಿಗಿದು, ಕಾಸಿಮೇಡು ಬಂದರಿನವರೆಗೆ ಹೋಗಿ, ಮೀನಿನ ಹರಾಜು ನೋಡಿ ಬರುತ್ತಾರೆ. ಅವರು ಮೀನು ತಿನ್ನುವವರಲ್ಲ. ನಿಜವಾದ ಸವಾರನಿಗೆ ತಲುಪಿದ ಜಾಗದಲ್ಲಿ ಏನೂ ಕೆಲಸವಿರಬಾರದಂತೆ. ಈ ಲೆಕ್ಕದಲ್ಲಿ ವೆಸ್ಟ್ ಮಾಂಬಲಂನ ನಮ್ಮ ಗಲ್ಲಿಯಿಂದ ರೈಲ್ವೆ ಸ್ಟೇಷನ್ನಿಗೆ ಹೋಗಿ, ಸೈಕಲ್ಲನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ರೈಲು ಹತ್ತಿ ಕೆಲಸಕ್ಕೆ ಹೋಗುವ ನಾನು ಸವಾರನಲ್ಲ. ನಾನು ಈ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮಂಡ್ಯದಲ್ಲಿ ಒಂಬತ್ತನೆಯ ವಯಸ್ಸಿಗೆ ಸೈಕಲ್ ಕಲಿತು, ಮದ್ರಾಸು ಚೆನ್ನೈ ಆಗುವುದನ್ನೂ ಅದರ ಮೇಲೆ ಕೂತೇ ನೋಡಿದವನು ನಾನು. ಆದರೆ ಕಳೆದ ವರ್ಷ ಮೂರು ವಾರಗಳ ಕಾಲ ನಾನು ವೆಂಕಟೇಶನ್ನರ ಲೆಕ್ಕದಲ್ಲಿ ಮಾತ್ರವಲ್ಲ, ಯಾರ ಲೆಕ್ಕದಲ್ಲೂ ಸವಾರನಾಗಿರಲಿಲ್ಲ. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನಾನೊಂದು ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸ ಮಾಡುವವನು. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಅನ್ನ. ಆದ್ದರಿಂದ ನಡೆದದ್ದನ್ನು ಹಾಗೆಯೇ ಹೇಳುತ್ತೇನೆ. ಬೆಳಿಗ್ಗೆ ಎಂಟೂಕಾಲು. ನಮ್ಮ ಗಲ್ಲಿ ಸ್ಟೇಷನ್ ರಸ್ತೆಯನ್ನು ಸೇರುವ ಮೂಲೆ. ಮುಂದೆ ಒಂದು ಆಟೊ ನಿಂತಿತ್ತು. ನನಗೂ ಅದಕ್ಕೂ ಮೂರು ಮೊಳ ಅಂತರ. ಆಟೊ ಅಲುಗಲಿಲ್ಲ. ನಾನು ಬ್ರೇಕ್ ಹಿಡಿದು ಬಲಗಾಲನ್ನು ನೆಲಕ್ಕೆ ಊರಲು ಹೋದೆ. ಅಲ್ಲಿ ನೆಲವಿರಲಿಲ್ಲ; ಯಾವುದೋ ಪೈಪಿಗಾಗಿ ಅಗೆದು ಅರ್ಧ ಮುಚ್ಚಿದ್ದ ತಗ್ಗು ಇತ್ತು. ನಾನು ಬಲಕ್ಕೆ ಬಿದ್ದೆ. ಹಿಂದಿನಿಂದ ಬಂದ ನೀರಿನ ಲಾರಿಯ ಮುಂಚಕ್ರ ನನ್ನ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಲಾರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಏಳುವ ಮೊದಲು ನಾನು ಆರು ತೊಟ್ಟುಗಳನ್ನು ಎಣಿಸಿದೆ. ಏಕೆ ಎಣಿಸಿದೆನೋ ಗೊತ್ತಿಲ್ಲ.

ಅಷ್ಟರಲ್ಲಿ ಜನ ಸೇರಿ ಆಟೊದವನ ಕಾಲರ್ ಹಿಡಿದಿದ್ದರು. ಬಿದ್ದವನಿದ್ದರೆ ಬೀಳಿಸಿದವನೂ ಇರಲೇಬೇಕು ಎಂಬುದು ರಸ್ತೆಯ ನ್ಯಾಯ. ನಾನು ನೆಲದಲ್ಲಿ ಕೂತೇ, "ಅವರು ಇಡಿಕ್ಕಲೆ, ನಾನೇದಾನ್ ವಿಳುಂದೇನ್" ಎಂದೆ, ಅವನು ಗುದ್ದಲಿಲ್ಲ, ನಾನೇ ಬಿದ್ದೆ ಎಂದು. ಜನರಿಗೆ ಇದು ಹಿಡಿಸಲಿಲ್ಲ. ಒಬ್ಬರು, ತಲೆಗೆ ಪೆಟ್ಟಾಗಿದೆ, ಪಾಪ ಏನೋ ಹೇಳ್ತಾರೆ ಎಂದರು. ನಾನು ತಗ್ಗನ್ನು ತೋರಿಸಿ ಮತ್ತೊಮ್ಮೆ ವಿವರಿಸಿದೆ. ಆಟೊದವನು ಕಾಲರ್ ಸರಿ ಮಾಡಿಕೊಂಡು ನನ್ನನ್ನು ಎತ್ತಿ, ಸೈಕಲ್ ಎತ್ತಿ, ಹ್ಯಾಂಡಲ್ ನೆಟ್ಟಗೆ ಮಾಡಿ ಕೊಟ್ಟ. "ಪಾತ್ತು ಪೋ ಸಾರ್," ನೋಡ್ಕೊಂಡು ಹೋಗಿ, ಎಂದ.

ಅಲ್ಲಿಂದ ಸೈಕಲ್ಲನ್ನು ತಳ್ಳಿಕೊಂಡು ಹೋದೆ. ಸಂಜೆಯೂ ತಳ್ಳಿಕೊಂಡೇ ಬಂದೆ. ಮರುದಿನ ಬೆಳಿಗ್ಗೆ ಸೀಟಿನ ಮೇಲೆ ಕೈಯಿಟ್ಟೆ, ಕಾಲು ಏಳಲಿಲ್ಲ. ಮಂಡಿಯಲ್ಲಿ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಆದರೂ ಆ ಸೀಟು ರಾತ್ರೋರಾತ್ರಿ ಎರಡಾಳು ಎತ್ತರ ಬೆಳೆದ ಹಾಗಿತ್ತು.

ಮನೆಯಲ್ಲಿ ನನ್ನ ಹೆಂಡತಿ ನಾಗರತ್ನಳಿಗೆ ಕಾಲು ಜಾರಿತೆಂದು ಹೇಳಿದ್ದೆ. ಲಾರಿಯ ಸುದ್ದಿ ಎತ್ತಿರಲಿಲ್ಲ. ಹೆದರಿಕೆಯ ಸುದ್ದಿಯನ್ನಂತೂ ಎತ್ತುವ ಪ್ರಶ್ನೆಯೇ ಇರಲಿಲ್ಲ. ಸೈಕಲ್ಲನ್ನು ಮನೆಯಲ್ಲಿ ಬಿಟ್ಟು ನಡೆದುಹೋದರೆ ಅವಳಿಗೆ ಗೊತ್ತಾಗುತ್ತದೆ. ಹಾಗಾಗಿ ಪ್ರತಿದಿನ ಗೇಟಿನಿಂದ ಅದನ್ನು ಹೊರಡಿಸಿ, ಸ್ಟೇಷನ್ನಿನವರೆಗೆ ತಳ್ಳಿ, ಸ್ಟ್ಯಾಂಡಿನಲ್ಲಿ ಜಾಗ ಹಿಡಿದು, ಸಂಜೆ ಬಿಡಿಸಿ, ಮತ್ತೆ ತಳ್ಳಿ ತಂದು ಕಟ್ಟುತ್ತಿದ್ದೆ. ಎಮ್ಮೆ ಸಾಕಿದವರು ಮಾಡುವ ಕೆಲಸ. ಎಮ್ಮೆಯಾದರೂ ಹಾಲು ಕೊಟ್ಟೀತು. ಬರೀಗೈಯಲ್ಲಿ ಹನ್ನೆರಡು ನಿಮಿಷದ ದಾರಿ ಸೈಕಲ್ ಜೊತೆಗೆ ಹದಿನೆಂಟು ನಿಮಿಷವಾಗುತ್ತದೆ. ನಾಗರತ್ನ, "ಹೆಂಗೂ ಸೈಕಲ್ ಐತಲ್ಲ" ಎಂದು ಮಾರ್ಕೆಟ್ಟಿನಿಂದ ಬೂದುಗುಂಬಳ ತರಿಸಿದಳು. ಅದನ್ನೂ ನಡೆಸಿಕೊಂಡು ಬಂದೆ.

ಕೇಳಿದವರಿಗೆಲ್ಲ, ಮನೆಯಲ್ಲೂ, ಪಂಕ್ಚರ್ ಎನ್ನುತ್ತಿದ್ದೆ. ಇದರಲ್ಲಿ ಒಂದು ತೊಡಕಿತ್ತು. ಗಲ್ಲಿಯ ಅರ್ಧದಲ್ಲೇ ಪೆರುಮಾಳ್ ಎಂಬವರ ಸೈಕಲ್ ಅಂಗಡಿ. ನಾನು ಪಂಕ್ಚರ್ ಆದ ಸೈಕಲ್ಲನ್ನು ತಳ್ಳಿಕೊಂಡು, ಪಂಕ್ಚರ್ ಹಾಕುವವರ ಮುಂದೆಯೇ, ನಿಲ್ಲದೆ ದಾಟಿ ಹೋಗಬೇಕಿತ್ತು. ಮೊದಲೆರಡು ದಿನ ಅವರು ನೋಡಿದರು. ಮೂರನೆಯ ದಿನ ಹೊರಗೆ ಬಂದು, ಎರಡೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿದರು. ಟೈರು ಕಲ್ಲಿನಂತಿತ್ತು. "ಎನ್ನ ಸಾರ್, ನಡೆಯಾ?" ವಾಕಿಂಗಾ ಎಂದು ಕೇಳಿದರು. ಡಾಕ್ಟರು ಹೇಳಿದ್ದಾರೆ ಎಂದೆ. "ಸೈಕಲ್ಲಿಗೂ ಹೇಳಿದ್ದಾರಾ?" ಎಂದು ತಮಿಳಿನಲ್ಲೇ ಕೇಳಿ ಒಳಗೆ ಹೋದರು. ಮಾರನೆಯ ದಿನದಿಂದ ಪೆರುಮಾಳ್ ನನ್ನನ್ನು ಕಂಡಾಗ ಎದ್ದು ನಿಲ್ಲುತ್ತಿದ್ದರು. ಕಾಯಿಲೆಯವರಿಗೆ ಕೊಡುವ ಗೌರವ ಅದು.

ಮೂರನೆಯ ವಾರದ ಶುಕ್ರವಾರ ನಾಗರತ್ನ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದಳು: "ಅಲ್ಲಾ ಕಣ್ರೀ, ದಿನಾ ಪಂಕ್ಚರ್ ಅಂತೀರಿ. ಹಳೇ ಸೈಕಲ್ಲು, ಇನ್ನೆಷ್ಟು ದಿನ ಬರ್ತದೆ? ಭಾನುವಾರ ಹಳೇ ಪೇಪರ್‌ನೋನು ಬರ್ತಾನೆ. ಅವನ ಗಾಡಿಗೆ ಹಾಕ್ಬುಡಾಣ."

ನಾನು ಸರಿ ಎಂದೆ. ಒಂದು ಗಂಟೆ ಹಗುರವಾಗಿದ್ದೆ. ಆಮೇಲೆ ಗೇಟಿನ ಹತ್ತಿರ ಹೋಗಿ ಸೈಕಲ್ಲನ್ನು ನೋಡಿದೆ. ನನ್ನ ಹಿಡಿತಕ್ಕೆ ಸವೆದ ಹಿಡಿಗಳು, ನನ್ನ ಚಪ್ಪಲಿಗೆ ಸವೆದ ಪೆಡಲುಗಳು. ಅದರ ತಪ್ಪೇನೂ ಇಲ್ಲ ಎಂಬುದಕ್ಕೆ ನಾನೊಬ್ಬನೇ ಸಾಕ್ಷಿ. ಆಟೊದವನ ಪರವಾಗಿ ನೆಲದಲ್ಲಿ ಕೂತು ನುಡಿದವನು ಇದರ ವಿಷಯದಲ್ಲಿ ಸುಳ್ಳು ಹೇಳಿ, ಗುಜರಿಗೆ ಕಳಿಸಲು ಒಪ್ಪಿ ಬಂದಿದ್ದೆ.

ಶನಿವಾರ ಬೆಳಗಿನ ಐದೂವರೆಗೆ ಯಾರೂ ಇರುವುದಿಲ್ಲವೆಂದು ಸೈಕಲ್ ತೆಗೆದೆ. ಸೀಟು ಹತ್ತುವ ಧೈರ್ಯ ಆಗಲೂ ಬರಲಿಲ್ಲ. ಆಗ ಹೊಳೆದದ್ದು ಒಳಪೆಡಲು. ಬಾಡಿಗೆ ಸೈಕಲ್ ಕಾಲಕ್ಕೆ ಸೇರಿದ ಕನ್ನಡ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಕಾಲೆಟುಕದ ಹುಡುಗರು ಬಾರಿನ ಕೆಳಗಿನ ತ್ರಿಕೋನದೊಳಗೆ ಕಾಲು ತೂರಿಸಿ, ಸೊಂಟ ಸೊಟ್ಟ ಮಾಡಿ ತುಳಿಯುವ ವಿದ್ಯೆ. ಕಲಿತ ದಾರಿಯಲ್ಲೇ ಮತ್ತೆ ಬಂದರೆ ಸೀಟನ್ನು ತಲುಪಬಹುದು ಎಂದು ನನ್ನ ತರ್ಕ. ನಲವತ್ತೇಳು ವರ್ಷದ ನಾನು ಪಂಚೆ ಎತ್ತಿ ಕಟ್ಟಿ, ಬಲಗಾಲು ತೂರಿಸಿ ಹೊರಟೆ. ಸೈಕಲ್ ಹೊರಟಿತು. ಆದರೆ ತಿರುಗಲಿಲ್ಲ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಕೋಲಗಳನ್ನು, ಅಂದರೆ ಇಲ್ಲಿನ ರಂಗೋಲಿಗಳನ್ನು. ಆ ಹೊತ್ತಿಗೆ ಮಾಮಿಯರು ಬಾಗಿಲು ತೊಳೆದು, ಗಲ್ಲಿಯ ಅರ್ಧಕ್ಕೆ ಬರುವಷ್ಟು ರಂಗೋಲಿ ಬಿಟ್ಟಿರುತ್ತಾರೆ. ನಾನು ಮೊದಲನೆಯದರ ಅಂಚನ್ನು ಮುಟ್ಟಿದೆ. ಎರಡನೆಯದರ ನಡುವೆ ಹೋದೆ. ಮೂರನೆಯದನ್ನು ಬಿಡುತ್ತಿದ್ದ ಎದುರುಮನೆ ಮಾಮಿ ಡಬ್ಬಿ ಹಿಡಿದು ಗೋಡೆಗೆ ಒರಗಿದರು. "ಎನ್ನ ಸಾರ್ ಇದು, ಇಂದ ವಯಸ್ಸುಲೆ ಎನ್ನ ವಿಳೆಯಾಟ್ಟು," ಈ ವಯಸ್ಸಿನಲ್ಲಿ ಎಂಥ ಆಟ, ಎಂದರು. ಅವರ ಹಿಂದೆ, ಕೈಯಲ್ಲಿ ನಮ್ಮದೇ ರಂಗೋಲಿ ಡಬ್ಬಿ ಹಿಡಿದು, ನಾಗರತ್ನ ನಿಂತಿದ್ದಳು.

ಅವಳು ನಗಲಿಲ್ಲ. ಹತ್ತಿರ ಬಂದು ಹಿಂದಿನ ಕ್ಯಾರಿಯರ್ ಹಿಡಿದಳು.

"ಕಾಲು ಆಚೆಗೆ ತೆಗೀರಿ. ಮೇಲೆ ಹಾಕಿ. ನಾನು ಹಿಡ್ಕೊಂಡಿದೀನಿ."

"ರತ್ನ, ಅವತ್ತು ಒಂದು ಲಾರಿ..."

"ಗೊತ್ತು. ಆ ಆಟೊದೋನು ಅವತ್ತೇ ಮನೆ ಹುಡುಕ್ಕೊಂಡು ಬಂದು ಹೇಳ್ದ. ನಿಮ್ಮೆಜಮಾನ್ರು ಒಳ್ಳೇರು, ಆದ್ರೆ ರೋಡಿಗೆ ಬಿಡ್ಬೇಡಿ ಅಂದ."

"ಮತ್ತೆ ಯಾಕೆ ಕೇಳಲಿಲ್ಲ?"

"ಹೆದರ್ಕೆ ಅಂತ ನಿಮ್ಮ ಬಾಯಲ್ಲಿ ಬರ್ತಿತ್ತಾ? ಅದಕ್ಕೇ ಪೇಪರ್‌ನೋನ್ ಹೆಸರೆತ್ತಿದ್ದು. ಸೈಕಲ್ಲೇ ಇಲ್ಲ ಅಂದ್ರೆ ತಳ್ಳೋದು ತಪ್ತದಲ್ಲ. ಈಗ ಹತ್ತಿ, ಮಾಮಿ ನೋಡ್ತಾವ್ರೆ."

ಹತ್ತಿದೆ. ಕ್ಯಾರಿಯರ್ ಹಿಡಿದು ಅವಳು ಗಲ್ಲಿಯ ಕೊನೆಯವರೆಗೆ ಓಡಿಬಂದಳು. "ಬಿಟ್ಯಾ?" ಎಂದು ನಾನು ನಾಲ್ಕು ಸಲ ಕೇಳಿದೆ. "ಬಿಟ್ಟಿಲ್ಲ, ಮುಂದೆ ನೋಡ್ರಿ" ಎಂದು ನಾಲ್ಕು ಸಲವೂ ಹೇಳಿದಳು. ನಿಜವಾಗಿಯೂ ಬಿಟ್ಟಿರಲಿಲ್ಲ. ಇನ್ನು ಬಿಡು ಎಂದು ಕೊನೆಗೆ ನಾನೇ ಹೇಳಬೇಕಾಯಿತು. ವಾಪಸು ಬರುವಾಗ ಒಬ್ಬನೇ ಬಂದೆ, ಮಿಕ್ಕ ಕೋಲಗಳನ್ನು ತಪ್ಪಿಸಿ, ಬಹಳ ನಿಧಾನವಾಗಿ.

ಭಾನುವಾರ ಪೇಪರಿನವನು ಗೇಟಿನ ಹತ್ತಿರ ತಳ್ಳುಗಾಡಿ ನಿಲ್ಲಿಸಿ, ಸೈಕಲ್ಲಿನ ಫ್ರೇಮನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತಿದ್ದ. ವೆಂಕಟೇಶನ್ ತಮ್ಮ ಟೋಪಿ ಬಿಗಿಯುತ್ತಾ ಮೆಟ್ಟಿಲಿಳಿದು ಬಂದರು. ನಾಗರತ್ನ ಬಾಗಿಲಿಗೆ ಬಂದು ಪೇಪರಿನವನಿಗೆ ಹೇಳಿದಳು: "ಅದು ಇಲ್ಲೆಪ್ಪಾ. ಅವರು ಇಪ್ಪೊದಾನ್ ಕತ್ತುಕ್ಕಿರಾರು." ಅದು ಬೇಡಪ್ಪ, ಅವರು ಈಗ ತಾನೇ ಕಲೀತಿದ್ದಾರೆ.

ಪೇಪರಿನವನು ನನ್ನ ನರೆತ ಕೂದಲನ್ನು ನೋಡಿ ಸೈಕಲ್ಲಿನಿಂದ ಕೈ ತೆಗೆದ. ವೆಂಕಟೇಶನ್, "ಅಪ್ಪಡಿಯಾ ಸಾರ್? ಸಂತೋಷಂ," ಹೌದಾ, ಸಂತೋಷ, ಎಂದು ನನ್ನ ಕೈ ಕುಲುಕಿ, ಹೊಸಬರು ಮೊದಲು ಗಲ್ಲಿಯೊಳಗೇ ಅಭ್ಯಾಸ ಮಾಡುವುದು ಒಳ್ಳೆಯದೆಂದು ಸಲಹೆ ಕೊಟ್ಟರು. ಮೂವತ್ತೆಂಟು ವರ್ಷದ ಅನುಭವ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಾಗೆಯೇ ಆಗಲಿ ಎಂದೆ.