ಸ್ಪೀಡೂ ಬೇಕು, ಟೈಮಿಂಗೂ ಬೇಕು

ದುಬೈಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸಕ್ಕೆ ಕೂತವನಿಗೆ ವಾರಕ್ಕೊಂದಾದರೂ ಫಜೀತಿ ಕಟ್ಟಿಟ್ಟದ್ದು. ಕೇಳಿದವರು ನಗುತ್ತಾರೆ, ನನಗೆ ಮೈ ಉರಿಯುತ್ತದೆ. ಇದಂತೂ ನಾನು ಊರಿಗೆ ಹೊರಡಬೇಕಿದ್ದ ತಿಂಗಳಲ್ಲೇ ಗಂಟುಬಿತ್ತು. ಮಗಳು ಹುಟ್ಟಿ ಎಂಟು ತಿಂಗಳಾಗಿತ್ತು, ನಾನಿನ್ನೂ ಅವಳನ್ನು ಎತ್ತಿಕೊಂಡಿರಲಿಲ್ಲ. ಈ ಒಂದು ಮಷೀನು ಮುಗಿಸಿ ಹೊರಡು ಮಾರಾಯ ಎಂದಿದ್ದರು ನಮ್ಮ ಅಂಗಡಿಯ ಭಟ್ಕಳದ ಸಾಹೇಬರು.

1. ಎರಡೂ ಇರಲಿ

ಗಿರಾಕಿ ಅಬುಧಾಬಿಯವರು, ಗೇಮಿನ ಹುಚ್ಚು. ಮೆಮೊರಿಯಲ್ಲಿ ಎರಡು ಲೆಕ್ಕ ಉಂಟು. ಸ್ಪೀಡು ಹೆಚ್ಚಿದ್ದಷ್ಟು ಒಳ್ಳೆಯದು. ಟೈಮಿಂಗ್ ಅಂದರೆ ಉತ್ತರ ಕೊಡುವ ಮೊದಲು ಅದು ಕಾಯುವ ಹೊತ್ತು, ಅದು ಕಡಿಮೆಯಿದ್ದಷ್ಟು ಒಳ್ಳೆಯದು. ಒಂದನ್ನು ಏರಿಸಿದರೆ ಇನ್ನೊಂದನ್ನು ಸ್ವಲ್ಪ ಸಡಿಲ ಬಿಡಬೇಕು, ಇಲ್ಲದಿದ್ದರೆ ಮಷೀನು ಅಲ್ಲೇ ನಿಲ್ಲುತ್ತದೆ. ಇದನ್ನು ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವರು ಸಾವಧಾನವಾಗಿ ಕೇಳಿ, ಸರಿ, ಎರಡೂ ಇರಲಿ ಎಂದರು.

2. ಫ್ಯಾನ್ಸಿ ನಂಬರ್

ಇಲ್ಲಿ ಕಾರಿನ ನಂಬರು, ಮೊಬೈಲ್ ನಂಬರು ಫ್ಯಾನ್ಸಿ ಇದ್ದರೇ ಮರ್ಯಾದೆ. ಎರಡನೇ ಸಲ ಬಂದಾಗ ಅವರಿಗೆ ಸ್ಪೀಡು 7777 ಆಗಬೇಕಾಯಿತು. ಇದು ಮೆಟ್ಟಿಲಿನ ಹಾಗೆ, 7600 ಬಿಟ್ಟರೆ 7800, ನಡುವೆ ಕಾಲಿಡಲು ಜಾಗವಿಲ್ಲ ಎಂದೆ. ಸಾಹೇಬರು ನನ್ನನ್ನು ಒಳಗೆ ಕರೆದು, ಇಷ್ಟು ವರ್ಷ ಆಯ್ತು, ಗಿರಾಕಿಗೆ ಒಂದು ನಂಬರ್ ಕೊಡ್ಲಿಕ್ಕೆ ಆಗುದಿಲ್ವಾ ನಿನಗೆ ಎಂದರು. ನಾನೇನು ನಂಬರ್ ಪ್ಲೇಟಿನ ಆಫೀಸಾ ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ರಜೆಯ ಕಾಗದಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.

3. ಗಾಜಿನ ಕಪಾಟು

ಕಡೆಗೆ 7800ಕ್ಕೆ ಏರಿಸಿ, ಟೈಮಿಂಗನ್ನು ಒಂದೊಂದೇ ಸಡಿಲಿಸಿ, ಎರಡು ದಿನ ಪರೀಕ್ಷೆಗೆ ಬಿಟ್ಟೆ. ಒಂದು ಎರರ್ ಇಲ್ಲ. ಮನೆಗೆ ಕೊಂಡುಹೋದ ಮೂರನೇ ದಿನ ಫೋನು: ನಿಂತುಹೋಗಿದೆ. ಜುಲೈ ಬಿಸಿಲಲ್ಲಿ ಅಬುಧಾಬಿಗೆ ಓಡಿದೆ. ನೋಡಿದರೆ, ಧೂಳು ಬೀಳಬಾರದೆಂದು ಮಷೀನನ್ನು ಗಾಜಿನ ಕಪಾಟಿನೊಳಗೆ ಕೂರಿಸಿ ಬೀಗ ಹಾಕಿದ್ದಾರೆ. ಒಳಗೆ ಕೈಯಿಟ್ಟರೆ ಕಾದ ಕಾವಲಿ. ಬಾಗಿಲು ತೆರೆದಿಡಿ ಎಂದೆ. ಹಾಗಾದರೆ ಕಪಾಟು ಮಾಡಿಸಿದ್ದು ಯಾಕೆ ಎಂದು ನನ್ನನ್ನೇ ಕೇಳಿದರು.

4. ಕೈಗುಣ

ಸಿಟ್ಟು ನೆತ್ತಿಗೇರಿತು. ವಿಮಾನಕ್ಕೆ ಇನ್ನು ಆರೇ ದಿನ. ಸ್ಪೀಡು, ಟೈಮಿಂಗ್ ಎಲ್ಲವನ್ನೂ ಕಂಪನಿಯಿಂದ ಬಂದ ಹಾಗೇ ಇಳಿಸಿಬಿಟ್ಟೆ. ಮಷೀನಿನ ಮುಂದೆ ಸ್ಪೀಡು ತೋರಿಸುವ ಪುಟ್ಟ ಪರದೆಯಲ್ಲಿ 7777 ಎಂದು ನಾನೇ ಟೈಪ್ ಮಾಡಿ ಹಾಕಿದೆ. ಖಲಾಸ್. ಆಮೇಲೆ ಅದು ಒಮ್ಮೆಯೂ ನಿಲ್ಲಲಿಲ್ಲ.

ನಾಲ್ಕನೇ ದಿನ ಸಾಹೇಬರು ಕರೆದರು. ಮುಖ ಅರಳಿತ್ತು. ಇಷ್ಟು ಸ್ಪೀಡಿನ ಮಷೀನು ಜನ್ಮದಲ್ಲೇ ಕಂಡಿಲ್ಲ ಎಂದು ಗಿರಾಕಿ ಹೇಳಿದ್ದಾರಂತೆ. ಅವರ ನಾಲ್ಕು ಮಂದಿ ತಮ್ಮಂದಿರೂ ಮಷೀನು ಕಳಿಸುತ್ತಾರಂತೆ, ನಾನೇ ಕೈ ಹಾಕಬೇಕಂತೆ.

"ನಿನ್ನ ಕೈಗುಣವೇ ಕೈಗುಣ ಮಾರಾಯ. ರಜೆ ಎರಡು ತಿಂಗಳು ಮುಂದೆ ಹಾಕಿದ್ದೇನೆ."

ಏನೂ ಮಾಡಿಲ್ಲ ಎಂದರೆ ಕೆಲಸ ಹೋಗುತ್ತದೆ. ಮಾಡಿದ್ದೇನೆ ಎಂದರೆ ರಜೆ ಹೋಗುತ್ತದೆ. ಥ್ಯಾಂಕ್ಸ್ ಸಾಹೇಬರೇ ಎಂದೆ.